ಸ್ಟೇಷನ್ ಕೆಟ್ಟರೆ ಹಾಕುವ ಟೇಪು

ಮನೆಯಿಂದ,
ಬುಧವಾರ, ೧೨ ಮಾರ್ಚ್

ಪ್ರೀತಿಯ ಟೀಚರಮ್ಮನಿಗೆ,

ಹೇಗಿದ್ದೀಯ? ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ನೆಪ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಆದರೆ ಇಷ್ಟು ವರ್ಷ ಮಕ್ಕಳ ನೆಪಗಳನ್ನೆಲ್ಲ ಅರೆದು ಕುಡಿದವಳ ಮುಂದೆ ನನ್ನದು ಎಲ್ಲಿ ನಡೆಯುತ್ತದೆ? ಬರೆಯಲು ಕೂರುತ್ತಿದ್ದೆ, "ನಾನು ಕ್ಷೇಮ" ಎಂದು ಬರೆಯುತ್ತಿದ್ದೆ, ಅದು ಸುಳ್ಳೆಂದು ಹೊಳೆದು ಹಾಳೆ ಮಡಿಸಿಡುತ್ತಿದ್ದೆ. ತಪ್ಪಾಯಿತು, ಬೈಯಬೇಡ.

ನಿನ್ನ ಅಕ್ಕನ ಮಂಡಿನೋವು ಈಗ ಹೇಗಿದೆ? ಭಾವನವರು ಇನ್ನೂ ಟಿವಿಗೆ ಬೈಯುತ್ತಲೇ ವಾರ್ತೆ ನೋಡುತ್ತಾರಾ? ಇಬ್ಬರಿಗೂ ನನ್ನ ನಮಸ್ಕಾರ ಹೇಳು. ಅವರ ಮನೆಯಲ್ಲಿ ನಿನಗೆ ನಿದ್ದೆ ಬರುತ್ತಿದೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಸಮಾಧಾನವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಇಲ್ಲಿಯ ಸಮಾಚಾರ: ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು ಕೊನೆಗೂ ನಿಂತಿತು. ನಾನೇ ಬಿಚ್ಚಿ ಸರಿಮಾಡಿದೆ, ನಂಬು. ಕಿಟಕಿಯಲ್ಲಿ ನೀನು ಬಿಟ್ಟುಹೋದ ಗಿಡಗಳಲ್ಲಿ ಒಂದು ಬದುಕಿದೆ, ಇನ್ನೊಂದರ ವಿಷಯ ಕೇಳಬೇಡ. ಅಡುಗೆ ಮಾಡಿಕೊಳ್ಳುತ್ತೇನೆ. ಒಂದು ದಿನ ಉಪ್ಪು ಜಾಸ್ತಿ, ಮಾರನೆಯ ದಿನ ಉಪ್ಪೇ ಮರೆತಿರುತ್ತೇನೆ. ಎರಡು ದಿನದ್ದನ್ನೂ ಬೆರೆಸಿ ತಿಂದರೆ ಸರಿಹೋಗುತ್ತದೆ. ಕನ್ನಡಕದ ಅಂಗಡಿ ಎಂದಿನಂತೆ ನಡೆಯುತ್ತಿದೆ. ಮೊನ್ನೆ ಒಬ್ಬ ಮುದುಕಪ್ಪ ಹೊಸ ಕನ್ನಡಕ ಹಾಕಿಕೊಂಡು ಕನ್ನಡಿ ನೋಡಿ, "ಇಷ್ಟು ವಯಸ್ಸಾಗಿದೆ ಅಂತ ಯಾರೂ ಹೇಳೇ ಇಲ್ವಲ್ಲಪ್ಪ, ಹಳೇದೇ ಕೊಟ್ಬಿಡು" ಎಂದು ಹಟ ಹಿಡಿದ. ಸಂಜೆ ಬಂದು ನಿನಗೆ ಹೇಳಬೇಕು ಅಂದುಕೊಂಡು ಬಾಗಿಲು ತೆಗೆದೆ. ತೆಗೆದ ಮೇಲೆ ನೆನಪಾಯಿತು.

ಈಗ ನಿನಗೆ ಇಷ್ಟವಿಲ್ಲದ ವಿಷಯಕ್ಕೆ ಬರುತ್ತೇನೆ. ರೇಡಿಯೋ ವಿಷಯ. ದಯವಿಟ್ಟು ಕಾಗದ ಮಡಿಸಿಡಬೇಡ. ಇದು ನನ್ನ ಹುಚ್ಚಿನ ಸಂಗತಿಯಲ್ಲ, ನಮ್ಮ ಮಗ ಡಬ್ಬಿಯ ಸಂಗತಿ.

ಹೋದ ಭಾನುವಾರ ಅವನ ಹುಟ್ಟಿದ ದಿನ. ನಿನಗೆ ಹೇಳಿಕೊಡಬೇಕಾಗಿಲ್ಲ. ಆವತ್ತು ನೀನು ಏನು ಮಾಡಿದೆಯೋ, ನನಗೆ ಕೇಳುವ ಧೈರ್ಯವಿಲ್ಲ. ನನಗಂತೂ ಮಧ್ಯಾಹ್ನ ರೇಡಿಯೋ ಸ್ಟೇಷನ್ನಿನಲ್ಲಿ ಎಂದಿನ ಭಾನುವಾರದ ಕಾರ್ಯಕ್ರಮವಿತ್ತು. ಬೆಳಿಗ್ಗೆ ರೆಕಾರ್ಡುಗಳನ್ನು ಆರಿಸಿ ಚೀಲಕ್ಕೆ ತುಂಬುತ್ತಿದ್ದೆ. ಎಲ್ಲಾ ಅವೇ, ಆ ಕಾಲದ ಎಲೆಕ್ಟ್ರಾನಿಕ್ ಡ್ಯಾನ್ಸು, ನ್ಯೂ ವೇವು, ನೀನು ಮೂಗು ಮುರಿದು "ತಗಡು ಸಂಗೀತ" ಅನ್ನುತ್ತಿದ್ದದ್ದು. ಅದೇ ತಗಡಿಗೆ ಕಾಲೇಜಿನ ಹಾಲಿನಲ್ಲಿ ಚಪ್ಪಲಿ ಕಿತ್ತುಹೋಗುವಂತೆ ಕುಣಿದ ಹುಡುಗಿ ಯಾರೆಂದು ನಾನು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಡಬ್ಬಿಯೊಬ್ಬನಿಗೆ ಮಾತ್ರ ಹೇಳಿದ್ದೆ. "ಅಮ್ಮನಾ? ನಮ್ಮ ಅಮ್ಮನಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಚೀಲ ತುಂಬುವಾಗ ಅಡುಗೆಮನೆ ಕಡೆ ನೋಡಿದೆ. ನೀನು ಹೊರಟ ದಿನ ಅಲ್ಲೇ ನಿಂತು ಹೇಳಿದ ಮಾತು ಕಿವಿಯಲ್ಲಿತ್ತು. ಆವತ್ತು ಬೆಳಿಗ್ಗೆಯಿಂದ ಒಂದರ ಹಿಂದೆ ಒಂದು ರೆಕಾರ್ಡು ಹಾಕುತ್ತಲೇ ಇದ್ದೆ. ಒಂದು ಹಾಡು ಮುಗಿಯುವ ಮುಂಚೆ ಇನ್ನೊಂದನ್ನು ಅದರೊಳಕ್ಕೆ ಸೇರಿಸುತ್ತಿದ್ದೆ. ಅವನು ಹೋದಾಗಿನಿಂದ ಮನೆಯಲ್ಲಿ ಹಾಗೇ ನಡೆದಿತ್ತು. ನೀನು ಚೀಲ ಕೆಳಗಿಟ್ಟು, "ಒಂದು ನಿಮಿಷ ಸುಮ್ನಿರಕ್ಕೆ ಬರಲ್ವೇನ್ರೀ ನಿಮಗೆ? ಒಂದೇ ಒಂದು ನಿಮಿಷ. ಈ ಮನೇಲಿ ಅವನಿಲ್ಲ ಅನ್ನೋದನ್ನ ಕಿವಿಗೊಟ್ಟು ಕೇಳಿ" ಅಂದೆ. ನಾನು ಕೇಳಲಿಲ್ಲ. ರೆಕಾರ್ಡು ತಿರುವಿ ಹಾಕಿದೆ. ಮೌನವೆಂದರೆ ನನಗೆ ಹೆದರಿಕೆ ಎಂದು ನಿನಗೆ ಗೊತ್ತು. ಎರಡು ಹಾಡಿನ ನಡುವೆ ತೂತು ಬೀಳದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿ ಎಷ್ಟು ವರ್ಷವಾಯಿತು!

ಭಾನುವಾರ ಆ ಒಂದು ನಿಮಿಷವನ್ನು ನಿನಗೆ ಕೊಡೋಣ ಅನ್ನಿಸಿತು. ನೀನು ರೇಡಿಯೋ ಹಚ್ಚುವುದಿಲ್ಲ, ಗೊತ್ತು. ಆದರೂ ಕೊಡೋಣ ಅನ್ನಿಸಿತು.

ಹಾಗಾಗಿ ಕಾರ್ಯಕ್ರಮದ ನಡುವೆ, ಒಂದು ಹಾಡು ಮುಗಿಯುತ್ತಿದ್ದಾಗ ಇನ್ನೊಂದನ್ನು ಸೇರಿಸಲಿಲ್ಲ. ಮೈಕಿನಲ್ಲಿ ಹೇಳಿದೆ: "ಇವತ್ತು ನನ್ನ ಮಗನ ಹುಟ್ಟಿದ ದಿನ. ನಿಮ್ಮಲ್ಲಿ ಹಳಬರಿಗೆ ಅವನು ಗೊತ್ತು. ಒಂದು ನಿಮಿಷ ಹಾಡಿಲ್ಲ. ನನ್ನ ಜೊತೆ ನೀವೂ ಸುಮ್ಮನಿರಿ." ಮೈಕು ಮುಚ್ಚಿದೆ. ಎರಡು ರೆಕಾರ್ಡೂ ನಿಂತಿದ್ದವು. ಸ್ಟುಡಿಯೋ ಗೋಡೆಗೆ ಮೆತ್ತೆ ಹೊಡೆದಿದೆಯಲ್ಲ, ಅಲ್ಲಿ ಸದ್ದು ನಿಂತರೆ ನಮ್ಮ ಉಸಿರೇ ನಮಗೆ ದೊಡ್ಡದಾಗಿ ಕೇಳುತ್ತದೆ. ನೀನು ಹೇಳಿದಂತೆಯೇ ಕಿವಿಗೊಟ್ಟೆ, ಟೀಚರಮ್ಮ. ಅವನಿಲ್ಲ ಅನ್ನುವುದು ಕೇಳಿಸಿತು. ಎಷ್ಟು ಚೆನ್ನಾಗಿ ಕೇಳಿಸಿತೆಂದರೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಇನ್ನೂ ಅರ್ಧ ನಿಮಿಷ ಆಗಿತ್ತೋ ಇಲ್ಲವೋ, ಸ್ಪೀಕರಿನಲ್ಲಿ ಡಬ್ಬಿಯ ದನಿ ಬಂತು.

"ಹಲೋ ಹಲೋ! ಏನೋ ಎಡವಟ್ಟಾಗಿದೆ ಕಣ್ರೀ. ಹೆದರ್ಕೋಬೇಡಿ, ಎಲ್ಲೂ ಹೋಗ್ಬೇಡಿ. ಅಪ್ಪ ಎಲ್ಲೋ ವೈರು ತುಳಿದಿರ್ತಾರೆ. ಸರಿಮಾಡೋವರೆಗೂ ನಾನಿದ್ದೀನಲ್ಲ!"

ಹಿಂದೆಯೇ ಡ್ರಮ್ ಮಷೀನಿನ ದುಬ್ ದುಬ್ ಶುರುವಾಯಿತು.

ನಿನಗೆ ಇದು ಅರ್ಥವಾಗಬೇಕಾದರೆ ಒಂದು ಹಳೆಯ ಸಂಗತಿ ನೆನಪಿಸಬೇಕು. ಸ್ಟೇಷನ್ನಿನ ಇಂಜಿನಿಯರ್ ಇದ್ದಾನಲ್ಲ, ಎಲ್ಲರೂ ವೈರಪ್ಪ ಅನ್ನುವವನು, ಅವನು ಒಂದು ಯಂತ್ರ ಕೂರಿಸಿದ್ದಾನೆ. ಅರ್ಧ ನಿಮಿಷ ಏನೂ ಸದ್ದು ಹೋಗದಿದ್ದರೆ ಸ್ಟೇಷನ್ ಕೆಟ್ಟಿತು ಎಂದು ತಿಳಿದು ಆ ಯಂತ್ರ ತಾನಾಗಿಯೇ ಒಂದು ಟೇಪು ಹಾಕುತ್ತದೆ. ಕಂಪ್ಯೂಟರಿಗೆ ಹಾಕಬಾರದಾ ಅಂದರೆ, "ಕೆಟ್ಟಿರೋದೇ ಕಂಪ್ಯೂಟರಾದ್ರೆ?" ಅನ್ನುತ್ತಾನೆ. ಆ ಟೇಪು ಡಬ್ಬಿ ಮಾಡಿದ್ದು. ಅವನು ಹಾಡಿಗೆ ಹಾಡು ಕೂಡಿಸಿ ಮಿಕ್ಸ್ ಮಾಡಲು ಕಲಿತ ಹೊಸತರಲ್ಲಿ, ಅಡುಗೆಮನೆ ಪಕ್ಕದ ಕೋಣೆಯಲ್ಲಿ ರೆಕಾರ್ಡು ತಿರುಗಿಸುವ ನನ್ನ ಪೆಟ್ಟಿಗೆಗಳ ಮುಂದೆ ಕೂತು, ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ತುಂಬಿಸಿದ್ದ. ಹೆಮ್ಮೆಯಿಂದ ನನ್ನ ಕೈಗೆ ಕೊಟ್ಟಿದ್ದ.

ನಾನು ಅರ್ಧದವರೆಗೆ ಕೇಳಿದ್ದೆ. ಅಲ್ಲೊಂದು ಕಡೆ ಎಡವಿದ್ದಾನೆ. ಡ್ರಮ್ ಮಷೀನಿನ ಹಾಡಿಗೆ ಸುಸ್ತೂ ಇಲ್ಲ, ಉತ್ಸಾಹವೂ ಇಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ನಡೆ. ನ್ಯೂ ವೇವ್ ತಂಡಗಳಲ್ಲಿ ಹಾಗಲ್ಲ, ಅಲ್ಲಿ ಡ್ರಮ್ ಬಾರಿಸುವವನು ಮನುಷ್ಯ. ಪಲ್ಲವಿ ಬಂದ ಕೂಡಲೇ ಖುಷಿಯಾಗಿ ಕೂದಲೆಳೆಯಷ್ಟು ಮುಂದೆ ಓಡುತ್ತಾನೆ. ಇವೆರಡನ್ನೂ ಕೂಡಿಸುವಾಗ ಓಡುವವನ ರೆಕಾರ್ಡಿನ ಅಂಚಿಗೆ ಬೆರಳು ತಾಗಿಸಿ, ಮಗುವಿನ ಬೆನ್ನಿಗೆ ಕೈಯಿಟ್ಟ ಹಾಗೆ, ಹಿಡಿದುಕೊಂಡಿರಬೇಕು. ಡಬ್ಬಿ ಬೆರಳು ಬೇಗ ತೆಗೆದುಬಿಟ್ಟಿದ್ದ. ಎರಡು ತಾಳವೂ ಒಂದರ ಕಾಲು ಒಂದು ತುಳಿದು ಮುಗ್ಗರಿಸುತ್ತವೆ. "ಇದು ಕಾರ್ಯಕ್ರಮಕ್ಕೆ ಆಗಲ್ಲ ಕಣೋ, ಇನ್ನೊಂದು ಮಾಡು" ಅಂದೆ. ಅವನೇನೂ ಮುಖ ಊದಿಸಿಕೊಳ್ಳಲಿಲ್ಲ. ತಗೊಂಡು ಹೋಗಿ, ಶುರುವಿನಲ್ಲಿ ಆ "ಹಲೋ ಹಲೋ" ಮಾತು ಸೇರಿಸಿ, ವೈರಪ್ಪನಿಗೆ ಕೊಟ್ಟು, ಆ ಯಂತ್ರಕ್ಕೆ ಹಾಕಿಸಿದ. ಮನೆಗೆ ಬಂದು ನಿನಗೆ ಹೇಳಿದ್ದು ನೆನಪಿದೆಯಾ? "ಅಮ್ಮಾ, ನನ್ನ ಮಿಕ್ಸ್ ಕೇಳ್ಬೇಕು ಅಂದ್ರೆ ಇನ್ಮೇಲೆ ಸ್ಟೇಷನ್ನೇ ಕೆಡ್ಬೇಕು!"

ಆಮೇಲೆ ಅವನ ಕೈ ಪಳಗಿತು. ನನ್ನ ಪಕ್ಕದಲ್ಲೇ ಕೂತು ಎಷ್ಟೋ ಭಾನುವಾರ ನನಗಿಂತ ಚೆನ್ನಾಗಿ ನಡೆಸಿದ. ಆ ಟೇಪನ್ನು ಎಲ್ಲರೂ ಮರೆತೆವು. ಸ್ಟೇಷನ್ ಕೆಡಲೇ ಇಲ್ಲ. ನಾನಂತೂ ಅರ್ಧ ನಿಮಿಷವೇಕೆ, ಅರೆಗಳಿಗೆಯೂ ಸುಮ್ಮನಿದ್ದವನಲ್ಲ. ಬೇರೆ ಯಾರಾದರೂ ಒಂದು ನಿಮಿಷದ ಮೌನ ಅಂದಿದ್ದರೆ ಮೊದಲು ವೈರಪ್ಪನಿಗೆ ಹೇಳಿ ಯಂತ್ರ ಬಂದ್ ಮಾಡಿಸುತ್ತಿದ್ದರು. ನನಗೆ ಹೊಳೆಯಲೇ ಇಲ್ಲ.

ಹಾಗೇ ಕೂತಿದ್ದೆ. ಟೇಪು ನಿಲ್ಲಿಸುವ ಸ್ವಿಚ್ಚು ಕೈಗೆಟುಕುವಷ್ಟು ಹತ್ತಿರ ಇತ್ತು, ಒತ್ತಲಿಲ್ಲ. ವೈರಪ್ಪ ಓಡಿ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಹಾಡು ನಡೆಯಿತು, ಇನ್ನೊಂದು ಬಂತು. ಆ ಮುಗ್ಗರಿಸುವ ಜಾಗ ಹತ್ತಿರವಾಗುತ್ತಿದ್ದಂತೆ ನನ್ನ ಕೈ ತಾನಾಗಿಯೇ ಮುಂದೆ ಹೋಗಿ, ನಿಂತಿದ್ದ ರೆಕಾರ್ಡಿನ ಅಂಚಿಗೆ ಬೆರಳಿಟ್ಟಿತು. ಸರಿಮಾಡಲು ಹೋದೆ, ನೋಡು. ಅಲ್ಲೇನೂ ತಿರುಗುತ್ತಿರಲಿಲ್ಲ. ಅವನು ಎಡವಿದ. ಎಡವಿ, ಹೇಗೋ ಸಾವರಿಸಿಕೊಂಡು ಮುಂದೆ ಹೋದ. ನಾನು ಅತ್ತೆ. ಅವನನ್ನು ಕಳೆದುಕೊಂಡ ಮೇಲೆ ಮೊದಲ ಸಲ ಅತ್ತೆ. ನೀನು ನನ್ನನ್ನು ಕಲ್ಲು ಅನ್ನುತ್ತಿದ್ದೆ. ಅಲ್ಲ ಕಣೆ.

ವಾರ್ತೆಯ ಹೊತ್ತಾದಾಗ ವೈರಪ್ಪನೇ ಬಂದು ಟೇಪು ನಿಲ್ಲಿಸಿದ. ಅದು ಇನ್ನೂ ಉಳಿದಿತ್ತು.

ಆಮೇಲೆ ಫೋನುಗಳು. ಬೇಕರಿ ನಡೆಸುವ ಅಕ್ಕ, ಪ್ರತಿ ಭಾನುವಾರ ನಮ್ಮ ಹಾಡಿಗೇ ಹಿಟ್ಟು ನಾದುವವಳು, ಮೊದಲು ಮಾಡಿದಳು. "ನಿಮ್ಮ ಹುಡುಗನ ದನಿ ಕೇಳಿ ಕೈ ಹಿಟ್ಟಲ್ಲೇ ನಿಂತೋಯ್ತು ಸಾರ್. ಒಂದು ಗಳಿಗೆ, ಇವ್ನು ಎಲ್ಲೂ ಹೋಗಿಲ್ಲ, ಇಲ್ಲೇ ಎಲ್ಲೋ ಬಚ್ಚಿಟ್ಕೊಂಡಿದ್ದ ಅನ್ಸ್ತು" ಅಂದಳು. ಹೊಸದಾಗಿ ಕೇಳುವವರು ಕೆಲವರು, "ಯಾರದು, ಬಹಳ ಲವಲವಿಕೆಯ ಹುಡುಗ, ಮುಂದಿನ ವಾರವೂ ಬರ್ತಾನಾ?" ಎಂದು ಕೇಳಿದರು.

ಸೋಮವಾರ ಮ್ಯಾನೇಜರಮ್ಮ ಕರೆಸಿದರು. ಒಳ್ಳೆಯವರು, ಕಾಫಿ ತರಿಸಿ, ಪೆನ್ನಿನ ಮುಚ್ಚಳ ತಿರುಗಿಸುತ್ತಾ ಹೇಳಿದರು: "ತಪ್ಪು ತಿಳ್ಕೋಬೇಡಿ. ಆ ಟೇಪು ಇನ್ನು ಅಲ್ಲಿರೋದು ಬೇಡ. ಏನೋ ಕೆಟ್ಟಿದೆ ಅಂತ ಜನ ಗಾಬರಿಯಾಗಿರೋ ಹೊತ್ತಲ್ಲಿ, ಇಲ್ಲದೇ ಇರೋ ಹುಡುಗ ಬಂದು ನಾನಿದ್ದೀನಿ ಅನ್ನೋದು... ನಿಮಗೂ ಒಳ್ಳೇದಲ್ಲ. ಭಾನುವಾರದೊಳಗೆ ಬೇರೆ ಟೇಪು ಮಾಡಿಕೊಡಿ." ಆಗಲಿ ಎಂದು ಎದ್ದು ಬಂದೆ. ಅವರ ಮಾತು ನ್ಯಾಯವೇ.

ವೈರಪ್ಪ ಹೊರಗೆ ಕಾಯುತ್ತಿದ್ದ. "ಸಾರ್, ಅಮ್ಮಾವ್ರು ಹೇಳಿದ್ರು ಅಂತ ನಾನು ಅದನ್ನ ಮುಟ್ಟಲ್ಲ. ಮನೇಲಿ ಕೇಳಿ. ತಾಯಿ ಏನಂತಾರೋ ಹಾಗೆ ಮಾಡೋಣ. ತೆಗಿ ಅಂದ್ರೆ ತೆಗೀತೀನಿ, ಬೇಡ ಅಂದ್ರೆ ನಾನೇ ಹೋಗಿ ಮ್ಯಾನೇಜರಮ್ಮನ ಹತ್ರ ಜಗಳ ಆಡ್ತೀನಿ" ಅಂದ. ಯಾರ ಜೊತೆಯೂ ಜೋರಾಗಿ ಮಾತಾಡದವನು. ಮನೇಲಿ ಕೇಳಿ ಅಂದನಲ್ಲ, ಮನೆಯಲ್ಲಿ ಯಾರಿದ್ದಾರೆ ಎಂದು ಅವನಿಗೆ ಹೇಳಿಲ್ಲ. ನೀನು ಊರಿಗೆ ಹೋಗಿದ್ದೀಯ, ಬರುತ್ತೀಯ ಅಂತಲೇ ಎಲ್ಲರಿಗೂ ಹೇಳಿದ್ದೇನೆ.

ಅದಕ್ಕೇ ಈ ಕಾಗದ. ಹೊಸ ಟೇಪು ಮಾಡಲು ನಿನ್ನೆ ಕೂತೆ. ರೆಕಾರ್ಡು ಹಾಕಿದೆ, ಎಲ್ಲಾ ಸರಿಯಾಗಿಯೇ ಕೂಡಿತು. ಮೈಕು ತೆಗೆದು "ಏನೋ ತೊಂದರೆಯಾಗಿದೆ, ದಯವಿಟ್ಟು ಕಾಯಿರಿ" ಅನ್ನಬೇಕು. ಮೈಕು ಮತ್ತೆ ಮುಚ್ಚಿದೆ. ಹಾಗೇ ಬಿಟ್ಟೆದ್ದೆ.

ನನಗೇನು ಬೇಕು ಅಂತ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅದು ಅಲ್ಲೇ ಇರಲಿ ಅನ್ನಿಸುತ್ತದೆ. ಆ ಯಂತ್ರದೊಳಗೆ ಅವನು ಕಾದು ಕೂತಿದ್ದಾನೆ, ಎಲ್ಲಾ ಕೆಟ್ಟು ನಿಂತಾಗ ಎದ್ದು ಬರುತ್ತಾನೆ ಅನ್ನುವುದೇ ನನಗೆ ಒಂದು ಧೈರ್ಯ. ಆದರೆ ಅದೇ ನನಗೆ ಭಯವೂ ಹೌದು. ಟೇಪು ಅಲ್ಲೇ ಇದ್ದರೆ, ಮುಂದಿನ ಭಾನುವಾರ ನಾನು ಬೇಕೆಂದೇ ಸುಮ್ಮನಾಗಿಬಿಡುತ್ತೇನೇನೋ. ಅದರ ಮುಂದಿನ ಭಾನುವಾರವೂ. ಹಾಡು ಕೇಳಲು ಕೂತ ಜನ ಏನು ಪಾಪ ಮಾಡಿದ್ದಾರೆ? ತೆಗೆದು ಮನೆಗೆ ತಂದರೆ ಆ ದನಿ ಈ ಮನೆಯಲ್ಲಿ ನನ್ನೊಬ್ಬನ ಜೊತೆ ಇರುತ್ತದೆ. ಅದನ್ನು ಒಬ್ಬನೇ ಇಟ್ಟುಕೊಳ್ಳುವುದು ನನ್ನ ಕೈಲಾಗದು. ನಿನ್ನ ಮಗನ ದನಿ ಅದು. ನೀನು ಹೇಳಿದಂತೆ ಮಾಡುತ್ತೇನೆ.

ಭಾನುವಾರದೊಳಗೆ ಎರಡು ಸಾಲು ಬರೆ, ಇಲ್ಲವೇ ಅಂಗಡಿಗೆ ಫೋನು ಮಾಡಿ ಹೂಂ ಅಥವಾ ಉಹೂಂ ಅನ್ನು. ಅಷ್ಟೂ ಬೇಡವಾದರೆ ಈ ಕಾಗದದಲ್ಲಿರುವ ತಪ್ಪುಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿ, ಹತ್ತಕ್ಕೆ ಎರಡೋ ಮೂರೋ ಹಾಕಿ ವಾಪಸ್ಸು ಕಳಿಸು. ನಿನ್ನ ಅಕ್ಷರ ನೋಡಿದ ಹಾಗಾಗುತ್ತದೆ.

ಒಂದು ಮಾತು ಹೇಳಿಬಿಡುತ್ತೇನೆ. ಈಗ ಮನೆಯಲ್ಲಿ ಬೆಳಗಿನಿಂದ ರೆಕಾರ್ಡು ಹಾಕುತ್ತಿಲ್ಲ. ಸಂಜೆ ಬಂದು ದೀಪ ಹಾಕಿ ಸುಮ್ಮನೆ ಕೂರುತ್ತೇನೆ. ಮೊದಲ ದಿನ ಕಷ್ಟವಾಯಿತು. ಆಮೇಲೆ ಒಂದೊಂದೇ ಕೇಳತೊಡಗಿತು, ಮೇಲಿನ ಮನೆಯವರು ಕುರ್ಚಿ ಎಳೆಯುವುದು, ಬೀದಿಯಲ್ಲಿ ಸೈಕಲ್ಲು, ನಮ್ಮ ಹಳೇ ಗಡಿಯಾರ. ನೀನು ಇಷ್ಟು ದಿನ ಒಬ್ಬಳೇ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಪಕ್ಕದ ಕೋಣೆಯಲ್ಲಿ ನಾನು ಕುಣಿತದ ಹಾಡು ಹಾಕಿಕೊಂಡಿದ್ದೆ. ನಿನಗೆ ಹೇಗಾಗಿರಬೇಡ!

ಅಲ್ಲಿಯ ಬೆಳಗಿನ ಚಳಿ ಹೋಗುವವರೆಗೆ ಸ್ವೆಟರ್ ಬಿಡಬೇಡ. ರಾತ್ರಿ ಓದುವಾಗ ಆ ಹಳೇ ಕನ್ನಡಕ ಬೇಡ, ಹೊಸ ಗ್ಲಾಸು ಹಾಕಿಸಿಟ್ಟಿದ್ದೇನೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ. ದೇವರು ನಿನಗೆ ನಿದ್ದೆ ಕೊಡಲಿ, ಅಕ್ಕನ ಮಂಡಿಗೆ ಬಲ ಕೊಡಲಿ, ಭಾವನವರ ಟಿವಿಗೆ ಆಯಸ್ಸು ಕೊಡಲಿ. ಎಲ್ಲರೂ ತಣ್ಣಗಿರಿ.

ಇಂತು ನಿನ್ನ,
ತಗಡು ಸಂಗೀತದವನು

ಮರೆತದ್ದು: ಮರೆತದ್ದೇನಲ್ಲ. ಬರೆಯಲೋ ಬೇಡವೋ ಎಂದು ಮೇಲೆ ಬಿಟ್ಟಿದ್ದೆ. ಕಾಗದ ಮಡಿಸಿ ಲಕೋಟೆಗೆ ಹಾಕಿ, ಮತ್ತೆ ತೆಗೆದು ಬರೆಯುತ್ತಿದ್ದೇನೆ.

ಮಂಗಳವಾರ ವೈರಪ್ಪನ ಕೋಣೆಯಲ್ಲಿ ಕೂತು ಆ ಟೇಪನ್ನು ಕೊನೆಯವರೆಗೂ ಕೇಳಿದೆ. ನಾನು ಹಿಂದೆ ಅರ್ಧಕ್ಕೇ ನಿಲ್ಲಿಸಿದ್ದೆನಲ್ಲ, ಕೊನೆಯಲ್ಲಿ ಏನಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕೊನೆಯ ಹಾಡು ಸಣ್ಣಗಾಗುತ್ತಾ ಮುಗಿಯುತ್ತದೆ. ನಮ್ಮ ಡಬ್ಬಿ ಮೈಕು ಮುಚ್ಚುವುದನ್ನು ಮರೆತಿದ್ದಾನೆ. ಸ್ವಲ್ಪ ಹೊತ್ತು ಬರೀ ಕೋಣೆಯ ಸದ್ದು. ಆಮೇಲೆ ದೂರದಿಂದ ನಿನ್ನ ದನಿ.

"ಎಷ್ಟು ಸಲ ಕರೀಬೇಕೋ ನಿನ್ನ? ಎಲ್ಲಾ ಆರಿ ಹೋಯ್ತು, ಊಟಕ್ಕೆ ಬಾ."

"ಬಂದೆ ಅಮ್ಮಾ!"

ಆ ಕೊನೆಯ ದಿನ ದಾರಿಯಿಂದ ಫೋನು ಮಾಡಿದಾಗ ಹೇಳಿದನಲ್ಲ, ಅದೇ ಮಾತು, ಅದೇ ರಾಗ. ನೀನು ತಟ್ಟೆ ಹಾಕಿಟ್ಟುಕೊಂಡು ಕಾಯುತ್ತಿದ್ದೆ. ಬಾಗಿಲು ತಟ್ಟಿದ್ದು ಪೊಲೀಸಿನವರು. ಅಂದಿನಿಂದ ನೀನು ಬೇರೆ ಏನನ್ನೂ ಹೇಳಲಿಲ್ಲ. ಬಂದವರಿಗೆಲ್ಲ ಅದೊಂದೇ, "ಬಂದೆ ಅಂದ, ಬರಲಿಲ್ಲ." ಆ ಮಾತಿಗೆ ಎದುರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಅದಕ್ಕೇ ಹಾಡು ಹಾಕುತ್ತಿದ್ದೆ.

ಟೇಪು ಅಲ್ಲಿಗೆ ನಿಲ್ಲುವುದಿಲ್ಲ ಕಣೆ. "ಬಂದೆ" ಅಂದ ಮೇಲೆ ಕುರ್ಚಿ ಹಿಂದಕ್ಕೆ ಸರಿಯುತ್ತದೆ. ಕಾಲ ಸಪ್ಪಳ, ಬಾಗಿಲು. ತಟ್ಟೆ ಇಡುವ ಸದ್ದು. ಅವನು ಏನೋ ಹೇಳುತ್ತಾನೆ, ಅದು ತಿಳಿಯುವುದಿಲ್ಲ. ನೀನು ನಗುತ್ತೀಯ. ಟೇಪು ಮುಗಿಯುವವರೆಗೂ ಅವನು ಊಟ ಮಾಡುವ ಸದ್ದು, ತಟ್ಟೆಗೆ ಚಮಚ ತಾಗುವ ಸದ್ದು.

ನಿನಗೆ ಕೇಳುವ ಶಕ್ತಿ ಬಂದಾಗ ಹೇಳು. ನಾನೇ ಹೊತ್ತುಕೊಂಡು ಬರುತ್ತೇನೆ. ಆ ಟೇಪಿನ ದಿನ, ಬಂದೆ ಅಂದವನು ಬಂದಿದ್ದಾನೆ.